ತಡವಾದದ್ದಕ್ಕೆ ಯಾರ ಸಹಿಯೂ ಇರುವುದಿಲ್ಲ

ರಸ್ತೆಗಿಳಿಯುವ ವಾಹನಕ್ಕೆ ಮೂರನೇ ವ್ಯಕ್ತಿಯ ವಿಮೆ ಇರಲೇಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಹೇಳುತ್ತದೆ. ಅದೇ ಕಲಮಿನಲ್ಲಿ ಒಂದು ವಿನಾಯಿತಿಯೂ ಇದ್ದು, ಸರ್ಕಾರಿ ಸಾರಿಗೆ ಸಂಸ್ಥೆಯೊಂದು ತನ್ನದೇ ನಿಧಿಯನ್ನು ಸ್ಥಾಪಿಸಿಕೊಂಡು ಅಪಘಾತದ ಹೊಣೆಯನ್ನು ಅದರಿಂದಲೇ ತೀರಿಸುವುದಾದರೆ ಸರ್ಕಾರವು ಅದರ ವಾಹನಗಳನ್ನು ಈ ಕಡ್ಡಾಯದಿಂದ ಬಿಡಬಹುದು. ಬಸ್ಸಿನಲ್ಲಿ ದಿನವೂ ಓಡಾಡುವ ಬಹಳ ಮಂದಿಗೆ ಇದು ಗೊತ್ತಿಲ್ಲ. ಅಪಘಾತವಾದರೆ ಹಿಂದೆ ಯಾವುದೋ ವಿಮಾ ಕಂಪನಿ ನಿಂತಿರುತ್ತದೆ ಎಂದೇ ಅವರು ತಿಳಿದಿರುತ್ತಾರೆ. ವಿನಾಯಿತಿ ಪಡೆದ ಸಂಸ್ಥೆಯಲ್ಲಿ ಹಾಗೆ ಯಾರೂ ನಿಂತಿರುವುದಿಲ್ಲ. ಬಸ್ಸಿನ ಮಾಲೀಕನೂ ಸಂಸ್ಥೆಯೇ, ವಿಮೆಗಾರನೂ ಸಂಸ್ಥೆಯೇ. ಆ ಎರಡನೆಯ ಪಾತ್ರವನ್ನು ನಿಭಾಯಿಸುವುದು ಕಚೇರಿಯ ಒಂದು ಮೂಲೆಯಲ್ಲಿರುವ ಅಪಘಾತ ಪರಿಹಾರ ಶಾಖೆ.

ಹುಬ್ಬಳ್ಳಿಯಲ್ಲಿ ಅಂಥ ಒಂದು ಶಾಖೆಯ ಮೇಲ್ವಿಚಾರಕನಾಗಿ ನಾನು ಹಲವು ವರ್ಷ ಕೆಲಸ ಮಾಡಿದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಲ್ಲಿ ಅಪಘಾತ ಪರಿಹಾರದ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಗಳಿಂದ ಬರುವ ನೋಟಿಸುಗಳು ನಮ್ಮ ಟಪಾಲಿನ ಪೆಟ್ಟಿಗೆಗೆ ಬೀಳುತ್ತಿದ್ದವು. ಈಚೆಗೆ ಇಂಥದೇ ಶಾಖೆಯ ಹೊಣೆ ಹೊತ್ತುಕೊಂಡ ಕಿರಿಯ ಮಿತ್ರರೊಬ್ಬರು, ಸಿಬ್ಬಂದಿಯ ಕೆಲಸವನ್ನು ನೋಡುವುದೆಂದರೆ ಮುಖ್ಯವಾಗಿ ಏನನ್ನು ನೋಡಬೇಕು ಎಂದು ಕೇಳಿದರು. ಮೊತ್ತವನ್ನು ನೋಡುವ ಮೊದಲು ತಾರೀಖು ನೋಡಿ ಎಂದು ಹೇಳಿದೆ. ಫೋನಿನಲ್ಲಿ ಅಷ್ಟು ಹೇಳಿದ್ದು ಸಾಲಲಿಲ್ಲ ಅನ್ನಿಸಿದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಪರಿಹಾರ ಶಾಖೆಗೆಂದೇ ನೇಮಕಗೊಂಡು ಬಂದವರು ಯಾರೂ ಇರುವುದಿಲ್ಲ. ಒಬ್ಬರು ಲೆಕ್ಕಪತ್ರ ಶಾಖೆಯಿಂದ ವರ್ಗವಾಗಿ ಬಂದಿರುತ್ತಾರೆ, ಇನ್ನೊಬ್ಬರು ಸಂಚಾರ ವಿಭಾಗದವರು, ಮತ್ತೊಬ್ಬರು ಅನುಕಂಪದ ಆಧಾರದ ಮೇಲೆ ಸೇರಿದ ಕಿರಿಯ ಸಹಾಯಕರು. ಹೀಗೆ ಬಂದವರ ಕೈಗೆ ಮೊದಲ ದಿನವೇ ಎಫ್‌ಐಆರ್, ಸ್ಥಳ ಪಂಚನಾಮೆ, ನಕಾಶೆ, ಮೋಟಾರು ವಾಹನ ನಿರೀಕ್ಷಕರ ವರದಿ, ಗಾಯದ ಪ್ರಮಾಣಪತ್ರ, ಮರಣೋತ್ತರ ಪರೀಕ್ಷೆಯ ವರದಿ, ದೋಷಾರೋಪ ಪಟ್ಟಿ, ಇವೆಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದ ಕಡತ ಸಿಗುತ್ತದೆ. ಇವನ್ನು ಓದಲು ಅವರಿಗೆ ಯಾರೂ ಕಲಿಸಿರುವುದಿಲ್ಲ. ಅರ್ಜಿಯಲ್ಲಿರುವ ಪ್ರತಿ ಪ್ಯಾರಾಕ್ಕೂ ಪ್ಯಾರಾವಾರು ಉತ್ತರ ತಯಾರಿಸಿ ಪ್ಯಾನೆಲ್ ವಕೀಲರಿಗೆ, ಅಂದರೆ ಸಂಸ್ಥೆಯ ಪರ ವಾದಿಸಲು ಗೊತ್ತುಮಾಡಿದ ವಕೀಲರಿಗೆ, ಕಳಿಸಬೇಕು ಎಂಬುದು ನಿಯಮ. ಹೊಸಬರು ಮಾಡುವುದೇನೆಂದರೆ ಹಳೆಯ ಕಡತದ ಉತ್ತರವನ್ನು ಹೆಸರು, ಊರು, ಬಸ್ಸಿನ ನಂಬರ್ ಬದಲಿಸಿ ಹಾಗೆಯೇ ಇಳಿಸುವುದು. ಗದಗದ ಒಂದು ಪ್ರಕರಣದಲ್ಲಿ, ಪಾದಚಾರಿ ಸತ್ತಿದ್ದರೂ ನಮ್ಮ ಕರಡು ಉತ್ತರದಲ್ಲಿ ‘ಅರ್ಜಿದಾರರು ಹೆಲ್ಮೆಟ್ ಧರಿಸಿರಲಿಲ್ಲ’ ಎಂಬ ವಾಕ್ಯ ಉಳಿದುಕೊಂಡಿತ್ತು. ಅದನ್ನು ವಕೀಲರಿಗೆ ಹೋಗುವ ಮುನ್ನ ತಡೆಯುವುದೂ ಮೇಲ್ವಿಚಾರಣೆಯೇ, ಆದರೆ ಅದು ಸುಲಭದ ಭಾಗ.

ಕಷ್ಟದ ಭಾಗವನ್ನು ತಿಳಿಯಬೇಕಾದರೆ ಪರಿಹಾರದ ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ನೋಡಬೇಕು. ಕಾಲ್ಪನಿಕ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಶಿಗ್ಗಾಂವಿ ಕಡೆಯ ಒಬ್ಬ ಗೌಂಡಿ, ವಯಸ್ಸು 34, ತಿಂಗಳ ಗಳಿಕೆ 15,000 ರೂಪಾಯಿ ಎಂದು ನ್ಯಾಯಮಂಡಳಿ ಒಪ್ಪಿದೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ತಾಯಿ. 2017ರ ಪ್ರಣಯ್ ಸೇಥಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದಂತೆ, ಸ್ವಂತ ದುಡಿಮೆಯವನು 40 ವರ್ಷದೊಳಗಿದ್ದರೆ ಮುಂದೆ ಹೆಚ್ಚಬಹುದಾಗಿದ್ದ ಆದಾಯಕ್ಕೆಂದು ಶೇ. 40 ಸೇರಿಸಬೇಕು, ಅಲ್ಲಿಗೆ 21,000. 2009ರ ಸರಳಾ ವರ್ಮಾ ತೀರ್ಪಿನ ಪ್ರಕಾರ ಅವಲಂಬಿತರು ನಾಲ್ಕರಿಂದ ಆರು ಮಂದಿ ಇದ್ದರೆ ಆತನ ಸ್ವಂತ ಖರ್ಚಿಗೆಂದು ಕಾಲುಭಾಗ ಕಳೆಯಬೇಕು, ಉಳಿದದ್ದು 15,750. ವರ್ಷಕ್ಕೆ 1,89,000. 31ರಿಂದ 35ರ ವಯಸ್ಸಿಗೆ ಗುಣಕ, ಅಂದರೆ ವರ್ಷದ ಮೊತ್ತವನ್ನು ಗುಣಿಸಬೇಕಾದ ಸಂಖ್ಯೆ, 16. ಒಟ್ಟು 30,24,000 ರೂಪಾಯಿ. ಸಾಂಗತ್ಯ ನಷ್ಟ, ಅಂತ್ಯಕ್ರಿಯೆಯ ಖರ್ಚು ಮುಂತಾದ ನಿಗದಿತ ಬಾಬುಗಳು ಬೇರೆ. ಇಷ್ಟರಲ್ಲಿ ಗುಮಾಸ್ತರು ವಾದಿಸಬಹುದಾದದ್ದು ಬಹಳ ಕಡಿಮೆ. ಆದಾಯದ ದಾಖಲೆ ಇಲ್ಲದಿದ್ದರೂ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವು ಲೋಕ ಅದಾಲತ್‌ಗಾಗಿ ಮಾಡಿಕೊಂಡ ವರ್ಷವಾರು ಆದಾಯದ ಪಟ್ಟಿಯನ್ನು ಹೈಕೋರ್ಟ್ ಕೂಡ ಬಳಸುತ್ತ ಬಂದಿರುವುದರಿಂದ, ಮೊತ್ತ ಹೆಚ್ಚುಕಡಿಮೆ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಅನುಭವಿ ಸಹಾಯಕರು ನೋಟಿಸ್ ಬಂದ ದಿನವೇ ಹೇಳಬಲ್ಲರು.

ಆದರೆ ಕಾಯ್ದೆಯ 171ನೇ ಕಲಂ ಅಡಿಯಲ್ಲಿ ನ್ಯಾಯಮಂಡಳಿ ಬಡ್ಡಿಯನ್ನೂ ಕೊಡಿಸುತ್ತದೆ. ಸಾಮಾನ್ಯವಾಗಿ ಅದು ಅರ್ಜಿ ಸಲ್ಲಿಸಿದ ದಿನದಿಂದ ಹಣ ಜಮೆಯಾಗುವ ದಿನದವರೆಗೆ ಓಡುತ್ತದೆ. ನಮ್ಮ ಭಾಗದಲ್ಲಿ ಶೇ. 6 ಎಂದಿಟ್ಟುಕೊಂಡರೂ ಮೇಲಿನ ಮೊತ್ತಕ್ಕೆ ವರ್ಷಕ್ಕೆ 1,81,440 ರೂಪಾಯಿ ಆಗುತ್ತದೆ. ದಿನಕ್ಕೆ ಲೆಕ್ಕ ಹಾಕಿದರೆ 497. ಕಡತವೊಂದು ಯಾರದೋ ಮೇಜಿನ ಮೇಲೆ ‘ಚರ್ಚಿಸಿ’ ಎಂಬ ಒಂದೇ ಪದದ ಟಿಪ್ಪಣಿಯೊಂದಿಗೆ ಒಂದು ತಿಂಗಳು ಮಲಗಿದರೆ ಹದಿನೈದು ಸಾವಿರದಷ್ಟು ಸಾರ್ವಜನಿಕ ಹಣ ಹೋಯಿತು ಎಂದೇ ಅರ್ಥ. ಅತ್ತ ಆ ಮನೆಯವರಿಗೆ ಬಡ್ಡಿ ಬಂದರೂ ಕಾದ ವರ್ಷಗಳಲ್ಲಿ ಮಾಡಿದ ಕೈಗಡಕ್ಕೆ ಅವರು ಕಟ್ಟಿದ್ದು ಶೇ. 6 ಆಗಿರುವುದಿಲ್ಲ.

ಇದು ಗೊತ್ತಿದ್ದೂ ಸಿಬ್ಬಂದಿ ಏಕೆ ತಡಮಾಡುತ್ತಾರೆ? ಸೋಮಾರಿತನ ಎಂದು ಹೇಳಿ ಮುಗಿಸುವುದು ಸುಲಭ, ಆದರೆ ನಾನು ಕಂಡಂತೆ ಕಾರಣ ಭಯ. ಹಣ ಕೊಡಿ ಎಂದು ಶಿಫಾರಸು ಮಾಡಿದ ಟಿಪ್ಪಣಿಯ ಕೆಳಗೆ ಒಬ್ಬರ ಸಹಿ ಇರುತ್ತದೆ. ಮುಂದೆ ಲೆಕ್ಕಪರಿಶೋಧನೆಯವರು ಬಂದು, ವಯಸ್ಸಿನ ದಾಖಲೆ ಏಕೆ ನೋಡಲಿಲ್ಲ, ಮೇಲ್ಮನವಿ ಏಕೆ ಹಾಕಲಿಲ್ಲ ಎಂದು ಕೇಳಿದಾಗ ಉತ್ತರ ಕೊಡಬೇಕಾದವರು ಆ ಸಹಿಯವರು. ಕಡತ ಸುಮ್ಮನೆ ಇದ್ದದ್ದಕ್ಕೆ ಮಾತ್ರ ಯಾರ ಸಹಿಯೂ ಇರುವುದಿಲ್ಲ. ತಪ್ಪಿಸಬಹುದಾಗಿದ್ದ ಬಡ್ಡಿ ಎಂಬ ಆಕ್ಷೇಪಣೆ ಬಂದರೂ ಅದು ಇಡೀ ಶಾಖೆಯ ಮೇಲೆ ಹರಡಿ ತೆಳ್ಳಗಾಗುತ್ತದೆ. ಹೀಗಿರುವಾಗ ಹೊಸದಾಗಿ ಬಂದ, ಮನೆಯಲ್ಲಿ ಸಣ್ಣ ಮಕ್ಕಳಿರುವ ಸಹಾಯಕರೊಬ್ಬರು ‘ಕಾನೂನು ಅಭಿಪ್ರಾಯ ಪಡೆಯಬಹುದು’ ಎಂದು ಬರೆದು ಕಡತವನ್ನು ಪಕ್ಕಕ್ಕೆ ಸರಿಸಿದರೆ ಅವರನ್ನು ಬೈದು ಪ್ರಯೋಜನವಿಲ್ಲ. ನಿರ್ಧಾರ ಅಪಾಯ, ಮೌನ ಕ್ಷೇಮ ಎಂದು ಅವರಿಗೆ ಕಲಿಸಿದ್ದು ನಮ್ಮ ಪದ್ಧತಿಯೇ.

ನಾನು ಮಾಡಿದ್ದು ಒಂದು ಸಣ್ಣ ಕೆಲಸ. ನ್ಯಾಯಮಂಡಳಿಯ ಆದೇಶ ಬಂದ ಪ್ರತಿಯೊಂದು ಕಡತದ ಹೊದಿಕೆಯ ಬಲಮೇಲ್ಮೂಲೆಯಲ್ಲಿ ಆ ಪ್ರಕರಣದ ದಿನದ ಬಡ್ಡಿಯನ್ನು ಕೆಂಪು ಶಾಯಿಯಲ್ಲಿ ಬರೆಸಿದೆ. ಅದರ ಕೆಳಗೆ, ಕಡತ ಯಾರ ಮೇಜಿಗೆ ಯಾವ ತಾರೀಖಿಗೆ ಬಂತು, ಯಾವ ತಾರೀಖಿಗೆ ಹೋಯಿತು ಎಂಬ ಎರಡು ಅಂಕಣ. ಮೊದಲ ವಾರ ಶಾಖೆಯಲ್ಲಿ ಗೊಣಗಾಟ ನಡೆಯಿತು. ಹಿರಿಯ ಸಹಾಯಕರೊಬ್ಬರು ಅಂಕಿಯನ್ನು ಬರೆಯುತ್ತಲೇ, “ಸಾಹೇಬ್ರ, ಇದನ್ನ ಆಡಿಟ್‌ನವರು ನೋಡಿದ್ರ ನಮ್ಮ ಕುತ್ತಿಗಿಗೇ ಬರತೈತ್ರಿ” ಎಂದರು. ಅವರು ಹೇಳಿದ್ದು ಸರಿಯೇ ಇತ್ತು. ಬರಲಿ ಎಂಬುದೇ ನನ್ನ ಉದ್ದೇಶವಾಗಿತ್ತು. ನನ್ನ ಮೇಜಿನ ಅಂಕಣವನ್ನೂ ಅದೇ ಶಾಯಿಯಲ್ಲಿ ತುಂಬಿಸಿದ ಮೇಲೆ ಗೊಣಗಾಟ ಕಡಿಮೆಯಾಯಿತು. ಅಂಕಿ ಕಣ್ಣೆದುರು ಇದ್ದಾಗ ಜನ ಕಡತವನ್ನು ಎತ್ತಿಕೊಳ್ಳುವ ಕ್ರಮವೇ ಬದಲಾಗುತ್ತದೆ. ಮೊದಲು ತೆಳ್ಳಗಿನ ಕಡತಗಳು ಬೇಗ ಹೋಗುತ್ತಿದ್ದವು, ಏಕೆಂದರೆ ಅವು ಸುಲಭ. ಆಮೇಲೆ ದಪ್ಪ ಅಂಕಿಯವು ಮುಂದೆ ಬರತೊಡಗಿದವು.

ಇದರ ಒಂದು ಕೆಟ್ಟ ಪರಿಣಾಮವನ್ನೂ ಹೇಳಬೇಕು. ಕಾಲು ಮುರಿದ ಕೂಲಿಯವನ ಎರಡು ಲಕ್ಷದ ಆದೇಶಕ್ಕೆ ದಿನದ ಬಡ್ಡಿ 33 ರೂಪಾಯಿ ಮಾತ್ರ ಆಗುವುದರಿಂದ ಅದು ಹಿಂದೆ ಬೀಳುತ್ತದೆ. ಆತನಿಗೆ ಆ ಎರಡು ಲಕ್ಷದ ಅವಸರ ಇನ್ನೊಬ್ಬರ ಮೂವತ್ತು ಲಕ್ಷದ ಅವಸರಕ್ಕಿಂತ ಕಡಿಮೆಯದೇನಲ್ಲ. ಅದಕ್ಕಾಗಿ ಗಾಯಾಳುಗಳ ಸಣ್ಣ ಮೊತ್ತದ ಕಡತಗಳನ್ನು ಬೇರೆ ರ್ಯಾಕಿನಲ್ಲಿ ಇಟ್ಟು, ಅವನ್ನು ಬಂದ ಕ್ರಮದಲ್ಲೇ ತೀರಿಸಬೇಕೆಂದು ಹೇಳಬೇಕಾಯಿತು.

ಕಾಯ್ದೆಯ ಗಡುವುಗಳಲ್ಲಿ ಸಿಬ್ಬಂದಿಯ ನೆನಪಿನಲ್ಲಿ ಉಳಿಯುವುದು 90 ದಿನ, ಏಕೆಂದರೆ ಅದು 173ನೇ ಕಲಮಿನಲ್ಲಿ ಮೇಲ್ಮನವಿಗೆ ಕೊಟ್ಟ ಕಾಲ. 168ನೇ ಕಲಮಿನ ಮೂರನೇ ಉಪಕಲಂ, ಆದೇಶ ಘೋಷಿಸಿದ 30 ದಿನದೊಳಗೆ ಪೂರ್ತಿ ಹಣ ಜಮೆ ಮಾಡಬೇಕೆಂದು ಹೇಳುವುದನ್ನು ಬಹಳ ಮಂದಿ ಓದಿಯೇ ಇರುವುದಿಲ್ಲ. ಮೇಲ್ಮನವಿ ಹಾಕುವುದೋ ಬೇಡವೋ ಎಂಬ ಯೋಚನೆಯಲ್ಲೇ ಎರಡೂ ಗಡುವು ಕಳೆದು, ಕೊನೆಗೆ ವಿಳಂಬ ಮನ್ನಿಸಿ ಎಂಬ ಅರ್ಜಿಯೊಂದಿಗೆ ಹೈಕೋರ್ಟಿಗೆ ಹೋಗುವುದು ವಾಡಿಕೆಯಾಗಿಬಿಟ್ಟಿದೆ. 2008ರ ಜುಲೈಯಲ್ಲಿ ಧಾರವಾಡಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂದು, 2013ರಲ್ಲಿ ಅದು ಕಾಯಂ ಆದ ಮೇಲೆ ನಮ್ಮ ಭಾಗದಿಂದ ಮೇಲ್ಮನವಿಗಾಗಿ ಬೆಂಗಳೂರಿಗೆ ಓಡುವುದು ತಪ್ಪಿತು. ಹಕ್ಕುದಾರರಿಗೆ ಇದರಿಂದ ಬಹಳ ಅನುಕೂಲವಾಯಿತು. ಸಂಸ್ಥೆಗಳಿಗೂ ಆಯಿತು, ಆದರೆ ಹತ್ತಿರವಿರುವ ಕಾರಣಕ್ಕೇ ಹಾಕಬಾರದ ಮೇಲ್ಮನವಿಗಳೂ ಹೆಚ್ಚಾದವು ಎಂಬುದು ನನ್ನ ಅಭಿಪ್ರಾಯ. ನನ್ನ ಶಾಖೆಯಲ್ಲಿ ಮೇಲ್ಮನವಿಯ ಶಿಫಾರಸು ಬರೆಯುವವರು ಮೊದಲ ಸಾಲಿನಲ್ಲೇ ಎರಡು ಸಂಗತಿ ಹೇಳಬೇಕಿತ್ತು: ಗೆದ್ದರೆ ಎಷ್ಟು ಉಳಿಯುತ್ತದೆ, ಮೇಲ್ಮನವಿ ಬಾಕಿ ಇರುವ ಕಾಲದಲ್ಲಿ ಎಷ್ಟು ಬಡ್ಡಿ ಏರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ದೊಡ್ಡದಾದ ಶಿಫಾರಸುಗಳು ಬಹುಮಟ್ಟಿಗೆ ತಾವಾಗಿಯೇ ನಿಂತುಹೋದವು.

ವಾದಿಸಲೇಬೇಕಾದ ಸಂಗತಿಗಳೂ ಇವೆ, ವಯಸ್ಸು ಅವುಗಳಲ್ಲಿ ಮುಖ್ಯವಾದದ್ದು. ಮೇಲಿನ ಉದಾಹರಣೆಯಲ್ಲಿ ಸತ್ತವನಿಗೆ 35 ದಾಟಿ 36 ಆಗಿದ್ದರೆ ಗುಣಕ 15ಕ್ಕೆ ಇಳಿದು 1,89,000 ರೂಪಾಯಿ ಕಡಿಮೆಯಾಗುತ್ತದೆ. ನಮ್ಮ ಕಡೆ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ ಒಂದನೇ ತಾರೀಖು ಬರೆದು ಅರ್ಧ ಊರನ್ನೇ ಒಂದೇ ದಿನ ಹುಟ್ಟಿಸಿರುತ್ತಾರೆ. ಆಧಾರ್ ಮಾಡಿಸುವಾಗ ಅದು ಜನವರಿ ಒಂದು ಆಗಿರುತ್ತದೆ. ಎರಡರಲ್ಲಿ ಯಾವುದು ಸಂಸ್ಥೆಗೆ ಅನುಕೂಲವೋ ಅದನ್ನು ಹಿಡಿಯುವ ಅಭ್ಯಾಸ ಸಿಬ್ಬಂದಿಯಲ್ಲಿತ್ತು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅಪಘಾತ ಪರಿಹಾರದ ಪ್ರಕರಣವೊಂದರಲ್ಲೇ, ಆಧಾರ್ ಕಾರ್ಡ್ ಗುರುತಿನ ದಾಖಲೆಯೇ ಹೊರತು ಜನ್ಮದಿನಾಂಕದ ಪುರಾವೆಯಲ್ಲ ಎಂದು ಹೇಳಿ ಶಾಲೆಯ ಪ್ರಮಾಣಪತ್ರವನ್ನು ಎತ್ತಿಹಿಡಿಯಿತು. ಅಂಗವೈಕಲ್ಯದ ಪ್ರಮಾಣವೂ ಇಂಥದೇ. ವೈದ್ಯರು ಒಂದು ಕಾಲಿಗೆ ಶೇ. 45 ಎಂದು ಬರೆದಿದ್ದರೆ ಅದು ಇಡೀ ದೇಹಕ್ಕೆ ಶೇ. 45 ಅಲ್ಲ, ಆದರೆ ಆ ವ್ಯಕ್ತಿ ಚಾಲಕನಾಗಿದ್ದರೆ ದುಡಿಮೆಯ ನಷ್ಟ ಶೇ. 100 ಆಗಲೂಬಹುದು. 2010ರ ರಾಜಕುಮಾರ್ ತೀರ್ಪು ಇದನ್ನೇ ಬಿಡಿಸಿ ಹೇಳುತ್ತದೆ, ಮತ್ತು ಹೊಸದಾಗಿ ಶಾಖೆಗೆ ಬಂದ ಪ್ರತಿಯೊಬ್ಬರಿಗೂ ನಾನು ಓದಲು ಕೊಡುತ್ತಿದ್ದ ತೀರ್ಪು ಅದೊಂದೇ.

ಡಿಪೋಗಳಿಂದ ಬರುವ ವರದಿಗಳ ವಿಷಯದಲ್ಲಿ ಶಾಖೆಯ ಸಿಬ್ಬಂದಿಗಿಂತ ಹೆಚ್ಚು ತಲೆನೋವು ಡಿಪೋದವರದು. ಅಪಘಾತವಾದ ಸಂಜೆಯೇ ಚಾಲಕ, ನಿರ್ವಾಹಕರ ಹೇಳಿಕೆ, ಬಸ್ಸಿನ ಓಡಾಟವನ್ನು ದಾಖಲಿಸುವ ವೇಬಿಲ್, ಟಿಕೆಟ್ ಯಂತ್ರದ ದಾಖಲೆ, ಸ್ಥಳದ ಫೋಟೊ ಇವನ್ನು ತೆಗೆದಿಟ್ಟರೆ ಅದಕ್ಕೆ ಬೆಲೆ ಇದೆ. ತಿಂಗಳ ಮೇಲೆ ಬರೆದುಕೊಂಡ ಹೇಳಿಕೆಯಲ್ಲಿ ಚಾಲಕ ಯಾವಾಗಲೂ ನಿಧಾನವಾಗಿ, ಎಡಬದಿಗೆ, ಹಾರ್ನ್ ಮಾಡುತ್ತಲೇ ಬಂದಿರುತ್ತಾನೆ. ಮುಂದೆ ಕ್ರಿಮಿನಲ್ ಕೇಸಿನಲ್ಲಿ ಆತ ಖುಲಾಸೆಯಾದರೆ, ಪರಿಹಾರವನ್ನೂ ಕೊಡಬೇಕಿಲ್ಲ ಎಂದು ಡಿಪೋದವರು ವಾದಿಸುತ್ತಾರೆ. ಅಲ್ಲಿ ಬೇಕಾದದ್ದು ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ, ಇಲ್ಲಿ ಸಂಭವನೀಯತೆಯ ತೂಕ ಸಾಕು ಎಂಬುದನ್ನು ಎಷ್ಟು ಸಲ ವಿವರಿಸಿದರೂ ಮತ್ತೆ ಹೊಸ ಡಿಪೋ ವ್ಯವಸ್ಥಾಪಕರು ಬಂದು ಅದನ್ನೇ ಕೇಳುತ್ತಾರೆ.

ಸುಳ್ಳು ಪ್ರಕರಣಗಳಿಲ್ಲ ಎಂದು ನಾನು ಹೇಳುತ್ತಿಲ್ಲ. ಬೈಕಿನಿಂದ ತಾನೇ ಬಿದ್ದವನು ವಾರದ ಮೇಲೆ ಬಸ್ಸಿನ ನಂಬರ್ ಹಾಕಿ ದೂರು ಕೊಟ್ಟದ್ದೂ, ಆ ಹೊತ್ತಿಗೆ ಆ ಬಸ್ಸು ವೇಬಿಲ್ ಪ್ರಕಾರ ಇನ್ನೊಂದು ತಾಲ್ಲೂಕಿನಲ್ಲಿದ್ದದ್ದೂ ಉಂಟು. ಆಸ್ಪತ್ರೆಯ ಮೊದಲ ದಾಖಲೆಯಲ್ಲಿ ಗಾಯ ಹೇಗಾಯಿತೆಂದು ರೋಗಿ ಅಥವಾ ಜೊತೆಗೆ ಬಂದವರು ಹೇಳಿದ ಒಂದು ಸಾಲು ಇರುತ್ತದೆ. ಅಂಥ ಪ್ರಕರಣಗಳಲ್ಲಿ ಸತ್ಯ ಬಹಳ ಸಲ ಅಲ್ಲೇ ಸಿಗುತ್ತದೆ. ಇಂಥದೊಂದನ್ನು ಹಿಡಿದ ಸಹಾಯಕರನ್ನು ಎಲ್ಲರೆದುರು ಮೆಚ್ಚಿಕೊಳ್ಳಬೇಕು, ನಾನೂ ಮೆಚ್ಚಿಕೊಂಡಿದ್ದೇನೆ. ಆದರೆ ಆ ಮೆಚ್ಚುಗೆಗೆ ಒಂದು ಬೆಲೆ ಇದೆ. ಒಂದು ಕಳ್ಳ ಕಡತ ಹಿಡಿದವರಿಗೆ ಮುಂದಿನ ಇಪ್ಪತ್ತು ಕಡತಗಳೂ ಕಳ್ಳವಾಗಿಯೇ ಕಾಣತೊಡಗುತ್ತವೆ, ಮತ್ತು ಕೌಂಟರಿನಲ್ಲಿ ಬಂದು ನಿಂತ ವಿಧವೆಯ ಜೊತೆ ಅವರ ದನಿ ಬದಲಾಗುತ್ತದೆ. ಹಾನಗಲ್ಲಿನಿಂದ ಎರಡು ಬಸ್ಸು ಬದಲಿಸಿ, ಅದೂ ನಮ್ಮದೇ ಬಸ್ಸಿಗೆ ಟಿಕೆಟ್ ತೆಗೆಸಿ ಬಂದಾಕೆಗೆ ‘ವಕೀಲರನ್ನ ಕೇಳ್ರಿ’ ಎಂದಷ್ಟೇ ಹೇಳಿ ಕಳಿಸುವುದನ್ನು ನಾನು ನಿಲ್ಲಿಸಿದೆ. ಕಡತ ಯಾವ ಹಂತದಲ್ಲಿದೆ, ಹಣ ಜಮೆಯಾಗಿದೆಯೇ ಇಲ್ಲವೇ ಎಂಬ ಎರಡು ಮಾತು ಹೇಳುವುದರಿಂದ ಸಂಸ್ಥೆಯ ವಾದಕ್ಕೆ ಯಾವ ಧಕ್ಕೆಯೂ ಇಲ್ಲ.

ಹಣದ ಕೊರತೆ ಇರುವ ಯಾವ ಸಾರ್ವಜನಿಕ ಸಂಸ್ಥೆಯಲ್ಲೂ ಮೇಲ್ವಿಚಾರಕನ ಕೈಗೆ ಸಿಗದ ಒಂದು ಭಾಗವಿದೆ. ತಿಂಗಳಿಗೆ ಇಷ್ಟೇ ಎಂದು ನಿಧಿ ಬಿಡುಗಡೆಯಾದಾಗ, ಅದರಲ್ಲಿ ಯಾರಿಗೆ ಮೊದಲು ಕೊಡಬೇಕು? ಆದೇಶವನ್ನು ಜಾರಿ ಮಾಡಿಸಿಕೊಡಿ ಎಂದು ಅಮಲ್ಜಾರಿ ಅರ್ಜಿ ಹಾಕಿ, ಕೋರ್ಟಿನ ಅಮೀನರೊಂದಿಗೆ ಬಸ್ ನಿಲ್ದಾಣಕ್ಕೆ ಬಂದು, ಪ್ರಯಾಣಿಕರನ್ನು ಇಳಿಸಿ ಬಸ್ ಜಪ್ತಿ ಮಾಡಿಸಿದವರಿಗೆ ಮರುದಿನವೇ ಚೆಕ್ ಹೋಗುತ್ತದೆ, ಏಕೆಂದರೆ ಅಷ್ಟರಲ್ಲಿ ಫೋಟೊ ಪತ್ರಿಕೆಯಲ್ಲಿ ಬಂದಿರುತ್ತದೆ. ನಂಬಿ ಸುಮ್ಮನೆ ಕಾದವರು ಹಿಂದೆ ಸರಿಯುತ್ತಾರೆ. ಇದು ಅನ್ಯಾಯ ಎಂದು ಶಾಖೆಯಲ್ಲಿ ಎಲ್ಲರಿಗೂ ಗೊತ್ತು, ಸರಿಪಡಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ. ಆದೇಶದ ತಾರೀಖಿನ ಪ್ರಕಾರ ಸರತಿಯ ಪಟ್ಟಿ ಮಾಡಿ ಪ್ರತಿ ತಿಂಗಳೂ ಹಣಕಾಸು ಶಾಖೆಗೆ ಲಿಖಿತವಾಗಿ ಕಳಿಸುವುದು, ಪಟ್ಟಿ ಮೀರಿ ಕೊಟ್ಟಾಗ ಕಾರಣವನ್ನು ದಾಖಲಿಸುವುದು, ಇವೆರಡನ್ನು ಮಾತ್ರ ಮಾಡಬಹುದು.

ಲೋಕ ಅದಾಲತ್ ಈ ಗಂಟಿಗೆ ಅರ್ಧ ಪರಿಹಾರ. ಅಲ್ಲಿ ಆದ ರಾಜಿಗೆ ಮೇಲ್ಮನವಿ ಇಲ್ಲ, ಆದ್ದರಿಂದ ಕಡತ ನಿಜವಾಗಿ ಮುಚ್ಚುತ್ತದೆ. ಆದರೆ ಹುಬ್ಬಳ್ಳಿಯ ತಿಮ್ಮಸಾಗರದ ಕೋರ್ಟಿಗೆ ಹೋಗಿ ಕುಳಿತ ನಮ್ಮ ಪ್ರತಿನಿಧಿಗೆ, ಇಷ್ಟರ ತನಕ ನೀವೇ ಒಪ್ಪಬಹುದು ಎಂಬ ಮಿತಿಯನ್ನು ಮೊದಲೇ ಲಿಖಿತವಾಗಿ ಕೊಟ್ಟಿರಬೇಕು. ಪ್ರತಿಯೊಂದಕ್ಕೂ ಫೋನ್ ಮಾಡಿ ಕೇಳಬೇಕಾದವರು ಮಧ್ಯಾಹ್ನದ ಹೊತ್ತಿಗೆ ಎಲ್ಲಕ್ಕೂ ‘ಮುಂದಿನ ಅದಾಲತ್‌ಗೆ ನೋಡೋಣ’ ಎನ್ನತೊಡಗುತ್ತಾರೆ.

ಈಗ ಕಾನೂನೇ ತಾರೀಖುಗಳನ್ನು ಬಿಗಿ ಮಾಡಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳ ಪ್ರಕಾರ ಪೊಲೀಸರು 48 ಗಂಟೆಯೊಳಗೆ ಅಪಘಾತದ ಮೊದಲ ವರದಿಯನ್ನೂ, 90 ದಿನದೊಳಗೆ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕೊಡಬೇಕು. ಅಂದರೆ ಇನ್ನು ಮುಂದೆ ಶಾಖೆಯವರು ಅರ್ಜಿಯ ನೋಟಿಸ್ ಬರಲಿ ಎಂದು ಕಾಯುತ್ತ ಕೂರುವಂತಿಲ್ಲ. ಪೊಲೀಸರ ವರದಿ ಬಂದಾಗಲೇ ಕಡತ ತೆರೆಯಬೇಕು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಪರಿಹಾರದ ಹಣವನ್ನು ನೇರವಾಗಿ ಹಕ್ಕುದಾರರ ಬ್ಯಾಂಕ್ ಖಾತೆಗೆ ಹಾಕುವ ಪದ್ಧತಿಯನ್ನು ಅನುಸರಿಸುವಂತೆ ಹೇಳಿದ ಮೇಲೆ ಇನ್ನೊಂದು ಕೆಲಸ ಸೇರಿಕೊಂಡಿದೆ. ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಪಾನ್ ಕಾರ್ಡಿನಲ್ಲಿ ಇನ್ನೊಂದು, ಆದೇಶದಲ್ಲಿ ಗಂಡನ ಅಡ್ಡಹೆಸರು ಸೇರಿದ ಮತ್ತೊಂದು ಇದ್ದರೆ ಹಣ ವಾಪಸು ಬರುತ್ತದೆ, ಮತ್ತೆ ಬಡ್ಡಿಯ ಪ್ರಶ್ನೆ ಏಳುತ್ತದೆ. ನನ್ನ ಕಿರಿಯ ಮಿತ್ರರ ಶಾಖೆಯಲ್ಲಿ ಈಗ ಪ್ರಕರಣ ದಾಖಲಾದ ವಾರವೇ ಹಕ್ಕುದಾರರ ವಕೀಲರಿಗೆ ಪತ್ರ ಬರೆದು ಖಾತೆಯ ವಿವರವನ್ನೂ ಹೆಸರಿನ ದಾಖಲೆಗಳನ್ನೂ ಕೇಳುತ್ತಾರೆ. ಕೆಲವು ವಕೀಲರು ಮರುಟಪಾಲಿಗೇ ಕಳಿಸುತ್ತಾರೆ. ಕೆಲವರು ಆದೇಶ ಕೈಗೆ ಬರುವವರೆಗೂ ಕೊಡುವುದಿಲ್ಲ, ಅವರಿಗೆ ಪ್ರತಿ ತಿಂಗಳು ನೆನಪಿನ ಪತ್ರ ಹೋಗುತ್ತಿದೆ.